ಉಸಿರಿಗೆ ಜಾಗ ಕೊಡದ ಒಂದು ವಾಕ್ಯ: ಬುಡಾಪೆಸ್ಟಲ್ಲಿ ಐದು ದಿನ

ಮೊದಲ್ನೇ ದಿನ, ಅಕ್ಟೋಬರ್ 30

ಬೆಳಗ್ಗೆ ವಿಯೆನ್ನಾ ಸ್ಟೇಷನ್ನಲ್ಲಿ ಎಲ್ರೂ ಸೇರೋಷ್ಟ್ರಲ್ಲಿ ಚಳಿಗೆ ಕೈ ಮರಗಟ್ಟಿತ್ತು. ನಮ್ ಕಾಯರ್, ಅಂದ್ರೆ ಒಟ್ಟಾಗಿ ಹಾಡೋ ತಂಡದ, 38 ಜನದಲ್ಲಿ ಇಬ್ರಿಗೆ ಗಂಟಲು ಕಟ್ಟಿದೆ ಅಂತ ಮೆಸೇಜು ಬಂತು, ಉಳಿದ 36 ಜನ ಟ್ರೈನು ಹತ್ತಿದ್ವಿ. ನಾನು ಈ ಕಾಯರ್ ಸೇರಿ ಆರು ವರ್ಷ ಆಯ್ತು, ಆಲ್ಟೊ ಸೆಕ್ಷನ್ನು, ಅಂದ್ರೆ ಹೆಂಗಸರ ದನಿಯಲ್ಲಿ ಕೆಳಗಿನದು. ನಮ್ಮಲ್ಲಿ ಯಾರೂ ಪ್ರೊಫೆಷನಲ್ ಅಲ್ಲ, ನರ್ಸುಗಳು, ಮೇಷ್ಟ್ರುಗಳು, ಒಬ್ರು ಟ್ರಾಮ್ ಡ್ರೈವರ್ರು, ನನ್ನ ಥರ ಸಾಫ್ಟ್‌ವೇರಿನವರು ಒಂದಷ್ಟು ಜನ, ವಾರಕ್ಕೊಂದು ಸಂಜೆ ಸೇರಿ ಹಾಡ್ತೀವಿ. ಈ ಸಲ ಬುಡಾಪೆಸ್ಟಿನ ಇನ್ನೊಂದು ಕಾಯರ್ ಜೊತೆ ಸೇರಿ ಹಂಗೇರಿಯ ಒಂದು ಕವಿತೆಗೆ ಸಂಗೀತ ಹಾಕಿದ ಹೊಸ ಕೃತಿಯನ್ನ ಮೊದಲನೇ ಸಲ ಹಾಡೋದಿತ್ತು, ನವೆಂಬರ್ 2ಕ್ಕೆ. ಸಂಗೀತ ಬರೆದೋಳು ಹಿಂದೆ ನಮ್ ಜೊತೆನೇ ಹಾಡ್ತಿದ್ದ ಹುಡುಗಿ, ಅವಳ ಅಜ್ಜ ಅಜ್ಜಿ 1956ರಲ್ಲಿ ಹಂಗೇರಿ ಬಿಟ್ಟು ರಾತ್ರೋರಾತ್ರಿ ಆಸ್ಟ್ರಿಯಾಕ್ಕೆ ನಡ್ಕೊಂಡು ಬಂದೋರು.

ಕವಿತೆ ಬಗ್ಗೆ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಐದು ದಿನಾನೂ ನನ್ ತಲೇಲಿ ಇದ್ದಿದ್ದು ಅದೊಂದೇ. ಬರೆದೋರು ಇಯ್ಯೇಶ್ ಡ್ಯುಲಾ, 1902ರಲ್ಲಿ ಹುಟ್ಟಿದ್ದು, 1983ರಲ್ಲಿ ಹೋದ್ರು. ಇಯ್ಯೇಶ್ ಅನ್ನೋದು ಮನೆತನದ ಹೆಸರು, ಹಂಗೇರಿಯವರು ಅದನ್ನೇ ಮೊದಲು ಹೇಳ್ತಾರೆ, ನಮ್ಮಲ್ಲಿ ಊರಿನ ಹೆಸರು ಅಪ್ಪನ ಹೆಸರು ಆದ್ಮೇಲೆ ನಮ್ ಹೆಸರು ಬರೋ ಹಾಗೆ. ಜಮೀನ್ದಾರರ ಎಸ್ಟೇಟಿನಲ್ಲಿ ದುಡಿಯೋ ಜೀತದಂಥ ಬಡ ಕೂಲಿಗಳ ಮಧ್ಯೆ ಬೆಳೆದ ಮನುಷ್ಯ. ಕವಿತೆ ಹೆಸರು 'ದಬ್ಬಾಳಿಕೆ ಬಗ್ಗೆ ಒಂದು ವಾಕ್ಯ'. ಹೆಸರಿಗಷ್ಟೇ ಅಲ್ಲ, ನಿಜವಾಗ್ಲೂ ಒಂದೇ ವಾಕ್ಯ, ನಾಲ್ಕು ನಾಲ್ಕು ಸಾಲಿನ ಐವತ್ತರಷ್ಟು ಪದ್ಯ ಓಡುತ್ತೆ, ಪೂರ್ಣವಿರಾಮ ಬರೋದು ಕಟ್ಟಕಡೆಗೆ ಒಂದೇ ಸಲ. 1950ರಲ್ಲಿ ಬರೆದಿದ್ದು, ಕಮ್ಯುನಿಸ್ಟ್ ಸರ್ವಾಧಿಕಾರಿ ರಾಕೋಶಿ ಆಳ್ತಿದ್ದ ಕಾಲ, ಮನೆ ಬಾಗಿಲು ರಾತ್ರಿ ಬಡಿದ್ರೆ ಮನೆಯೋರೆಲ್ಲ ಬೆವರೋ ಕಾಲ. ಅಚ್ಚಾಗೋ ಮಾತೇ ಇರ್ಲಿಲ್ಲ. 1956ರ ಅಕ್ಟೋಬರ್ 23ಕ್ಕೆ ಆ ಸರ್ಕಾರದ ಮೇಲೆ, ಸೋವಿಯತ್ ಹಿಡಿತದ ಮೇಲೆ ದಂಗೆ ಶುರುವಾಯ್ತಲ್ಲ, ಆಗ ನವೆಂಬರ್ 2ನೇ ತಾರೀಖು ಲೇಖಕರ ಪತ್ರಿಕೆ 'ಇರೊದಲ್ಮಿ ಉಯ್‌ಶಾಗ್' ಅದನ್ನ ಹಾಕ್ತು. ಎರಡೇ ದಿನ. ನವೆಂಬರ್ 4ಕ್ಕೆ ಬೆಳಕು ಹರಿಯೋ ಹೊತ್ತಿಗೆ ಸೋವಿಯತ್ ಟ್ಯಾಂಕುಗಳು ಊರೊಳಗೆ. ಆಮೇಲೆ ಸುಮಾರು 30 ವರ್ಷ ಆ ಕವಿತೆ ಹಂಗೇರಿಯಲ್ಲಿ ಅಚ್ಚಾಗ್ಲಿಲ್ಲ, ಆದ್ರೆ ಕೈಬರಹದಲ್ಲಿ, ಟೈಪ್ ಮಾಡಿದ ಹಾಳೆಗಳಲ್ಲಿ, ದೇಶ ಬಿಟ್ಟವರ ಪುಸ್ತಕಗಳಲ್ಲಿ ಅದು ಬದುಕಿತ್ತು.

ಗಡಿ ದಾಟೋವಾಗ ಹೆಡ್ಯೆಶ್‌ಹಾಲೊಮ್ ಅನ್ನೋ ಸ್ಟೇಷನ್ ಬರುತ್ತೆ. ಈಗ ಅಲ್ಲಿ ನೋಡೋಕೆ ಏನೂ ಇಲ್ಲ, ಫೋನಲ್ಲಿ ನೆಟ್‌ವರ್ಕಿನ ಹೆಸರು ಬದಲಾಗುತ್ತೆ ಅಷ್ಟೆ. 1956ರ ದಂಗೆ ಆದ್ಮೇಲೆ ದೇಶ ಬಿಟ್ಟೋರು ಸುಮಾರು 2 ಲಕ್ಷ ಜನ, ಬಹುಪಾಲು ಇದೇ ಬಯಲುಸೀಮೆ ದಾಟಿ ಬಂದವರು. ಆಸ್ಟ್ರಿಯಾದ ಆಂಡೌ ಹಳ್ಳಿ ಹತ್ರ ಕಾಲುವೆ ಮೇಲಿದ್ದ ಒಂದು ಸಣ್ಣ ಮರದ ಸೇತುವೆ ಮೇಲೇನೇ ಹತ್ತಾರು ಸಾವಿರ ಜನ ದಾಟಿದ್ರು, ನವೆಂಬರ್ 21ಕ್ಕೆ ಅದನ್ನ ಸ್ಫೋಟಿಸಿಬಿಟ್ರು. ನಮ್ ಸಂಯೋಜಕಿ ಕಿಟಕಿ ಪಕ್ಕ ಕೂತು ಹೊರಗಡೆ ನೋಡ್ತಿದ್ಲು, ನಾವ್ಯಾರೂ ಮಾತಾಡಿಸ್ಲಿಲ್ಲ.

ಸಂಜೆ ರಿಹರ್ಸಲ್ ಇದ್ದಿದ್ದು ಬುಡಾ ಕಡೆ ಒಂದು ಸ್ಕೂಲಿನ ಹಾಲಲ್ಲಿ. ಹಂಗೇರಿ ಕಾಯರ್‌ನವರು 30 ಜನ ಆಗ್ಲೇ ಕೂತಿದ್ರು. ಇಲ್ಲಿ ನಂಗೊಂದು ಸಂತೋಷ ಕಾದಿತ್ತು. ಜರ್ಮನ್ ಮಾತಾಡೋ ನಮ್ ಜೊತೆಗಾರರಿಗೆ ಮೂರು ತಿಂಗಳಿಂದ ಈ ಭಾಷೆ ಬಾಯಿಗೆ ಕೂರ್ತಿರ್ಲಿಲ್ಲ, ಯಾಕಂದ್ರೆ ಅವರು ಒತ್ತು ಕೊಟ್ಟ ಕಡೆ ಸ್ವರ ತಾನಾಗೇ ಉದ್ದ ಆಗ್ಬಿಡುತ್ತೆ. ಹಂಗೇರಿಯನ್ನಲ್ಲಿ ಹ್ರಸ್ವ ಹ್ರಸ್ವಾನೇ, ದೀರ್ಘ ದೀರ್ಘಾನೇ, ಒತ್ತಿಗೂ ಅದಕ್ಕೂ ಸಂಬಂಧ ಇಲ್ಲ. ಒತ್ತಕ್ಷರಾನೂ ನಮ್ ಥರಾನೇ ಅಮುಕಿ ಹೇಳ್ಬೇಕು. ಇನ್ನು ಪದ ಕಟ್ಟೋ ರೀತಿ ನೋಡಿ, ಬೊರ್ತೊನ್ ಅಂದ್ರೆ ಜೈಲು, ಬೊರ್ತೊನೊಕ್ ಅಂದ್ರೆ ಜೈಲುಗಳು, ಬೊರ್ತೊನೊಕ್‌ಬೆನ್ ಅಂದ್ರೆ ಜೈಲುಗಳಲ್ಲಿ. ಒಂದೊಂದೇ ತುಂಡು ಹಿಂದುಗಡೆ ಅಂಟಿಸ್ತಾ ಹೋಗೋದು. ಮೊದಲ ಸಾಲಂತೂ 'ಎಲ್ಲಿ ದಬ್ಬಾಳಿಕೆ ಇದೆಯೋ ಅಲ್ಲಿ ದಬ್ಬಾಳಿಕೆ ಇದೆ' ಅಂತ, ಹೊಲ್... ಒತ್ತ್..., ಎಲ್ಲಿ... ಅಲ್ಲಿ..., ಜರ್ಮನ್‌ಗಿಂತ ಸಲೀಸಾಗಿ ಕನ್ನಡದಲ್ಲಿ ಕೂರುತ್ತೆ. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸಿದ್ದ ಅರಸೀಕೆರೆ ಮೇಷ್ಟ್ರನ್ನ ಅಲ್ಲಿ ನೆನೆಸ್ಕೊಂಡೆ.

ಆದ್ರೆ ಕಷ್ಟ ಭಾಷೇದಲ್ಲ, ಉಸಿರಿಂದು. ವಾಕ್ಯ ಎಲ್ಲೂ ನಿಲ್ಲಲ್ಲ, ಅದಕ್ಕೆ ಹಾಡೂ ನಿಲ್ಲಬಾರ್ದು ಅಂತ ಸಂಯೋಜಕಿ ಬರೆದಿದ್ದಾಳೆ. ಸುಮಾರು 25 ನಿಮಿಷ, ಪಿಯಾನೋ ಇಲ್ಲ ಏನಿಲ್ಲ, ಬರೀ ದನಿ. ಎಲ್ರೂ ಒಟ್ಟಿಗೆ ಉಸಿರು ತಗೊಳ್ಳೋ ಜಾಗ ಇಡೀ ಸ್ಕೋರಲ್ಲಿ, ಅಂದ್ರೆ ಸ್ವರ ಬರೆದಿರೋ ಪುಸ್ತಕದಲ್ಲಿ, ಒಂದೂ ಇಲ್ಲ. ಇದಕ್ಕೊಂದು ಉಪಾಯ ಎಲ್ಲ ಕಾಯರ್‌ನಲ್ಲೂ ಇರುತ್ತೆ, ಪಕ್ಕದೋರು ಉಸಿರು ತಗೊಳ್ಳೋವಾಗ ನೀನು ತಗೋಬೇಡ, ಪದದ ಮಧ್ಯೆ ಯಾರಿಗೂ ಗೊತ್ತಾಗ್ದಿರೋ ಹಾಗೆ ದನಿ ಸಣ್ಣ ಮಾಡ್ಕೊಂಡು ಬಿಡು, ಉಸಿರು ತಗೋ, ಮತ್ತೆ ಮೆಲ್ಲಗೆ ಒಳಗೆ ಸೇರ್ಕೋ. ನಾನು ಇದಕ್ಕೆ ಕಳ್ಳ ಉಸಿರು ಅಂತೀನಿ. ನನ್ ಎಡಗಡೆ ಒಬ್ಳು ಹಂಗೇರಿ ಹೆಂಗಸು, ಬಲಗಡೆ ನಮ್ಮ ನರ್ಸು, ಮೂರೂ ಜನ ಪೆನ್ಸಿಲ್ ತಗೊಂಡು ಯಾರ್ಯಾರು ಎಲ್ಲೆಲ್ಲಿ ಅಂತ ಗುರುತು ಹಾಕ್ಕೊಂಡ್ವಿ. ಸ್ಕೋರೆಲ್ಲ ಬಾಡಿಗೇದು, ವಾಪಸ್ ಕೊಡೋವಾಗ ಅಳಿಸಿ ಕೊಡ್ಬೇಕು ಅಂತ ಮೊದಲೇ ಹೇಳಿದ್ರು.

ಎರಡನೇ ದಿನ, ಅಕ್ಟೋಬರ್ 31

ಬೆಳಗ್ಗೆ ಮೆಟ್ರೋ ಹಿಡಿದು ಕೆಲೆನ್‌ಫೋಲ್ಡ್, ಅಲ್ಲಿಂದ ಬಸ್ಸಲ್ಲಿ ಮೆಮೆಂಟೊ ಪಾರ್ಕ್. ಊರಾಚೆ, 22ನೇ ಡಿಸ್ಟ್ರಿಕ್ಟು, ಮಂಜು ಮುಸುಕಿತ್ತು. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಬೀದಿಗಳಿಂದ ಕಿತ್ತ ಲೆನಿನ್ನು, ಮಾರ್ಕ್ಸು, ಸೋವಿಯತ್ ಸೈನಿಕರು ಇಂಥ 40ಕ್ಕೂ ಹೆಚ್ಚು ಪ್ರತಿಮೆಗಳನ್ನ ತಂದು ಇಲ್ಲಿ ನಿಲ್ಸಿದ್ದಾರೆ, 1993ರಲ್ಲಿ ಶುರುವಾಗಿದ್ದು. ಒಡೆದು ಹಾಕ್ಲಿಲ್ಲ, ಪೂಜೇನೂ ಮಾಡ್ಲಿಲ್ಲ, ಒಂದ್ಕಡೆ ಇಟ್ರು. ಇದು ಸರಿಯಾದ ತೀರ್ಮಾನ ಅಂತ ನಂಗನ್ಸುತ್ತೆ.

ನಾವು ಬಂದಿದ್ದು ಪ್ರತಿಮೆಗಲ್ಲ, ಗೇಟಿಗೆ. ಆ ಪಾರ್ಕಿನ ಕಬ್ಬಿಣದ ಗೇಟಿನ ಮೇಲೆ ಇಯ್ಯೇಶರ ಕವಿತೆ ಇದೆ. ಕೈಗವಸು ತೆಗೆದು ಅಕ್ಷರಗಳ ಮೇಲೆ ಬೆರಳಾಡಿಸಿದೆ, ಕಬ್ಬಿಣ ಮಂಜಿಗೆ ಒದ್ದೆಯಾಗಿ ಬೆರಳು ಅಂಟೋಷ್ಟು ತಣ್ಣಗಿತ್ತು, ಝರ್ನೊಕ್‌ಶಾಗ್, ಅಂದ್ರೆ ದಬ್ಬಾಳಿಕೆ, ಅನ್ನೋ ಪದ ಸಿಕ್ಕಿದ ತಕ್ಷಣ ನಂಗೆ ಗೊತ್ತಿಲ್ದೇನೇ ಅದನ್ನ ನಮ್ ಆಲ್ಟೊ ಸ್ವರದಲ್ಲೇ ಗುನುಗಿದೆ. ಪಕ್ಕದಲ್ಲಿದ್ದ, ಗಂಡಸರಲ್ಲಿ ಮೇಲಿನ ದನಿ ಹಾಡೋ ಇಬ್ರು ಟೆನರ್‌ಗಳು ಅವರವರ ಲೈನು ಶುರು ಮಾಡಿದ್ರು. ಗೇಟ್ ಮುಂದೆ ನಿಂತು ಎರಡು ನಿಮಿಷ ಹಾಡಿದ್ವಿ, ಬೇರೆ ಯಾರೂ ಇರ್ಲಿಲ್ಲ.

ಕವಿತೆ ಏನು ಮಾಡುತ್ತೆ ಅಂದ್ರೆ, ದಬ್ಬಾಳಿಕೆ ಬಂದೂಕಿನ ನಳಿಗೆಯಲ್ಲಿ ಮಾತ್ರ ಇಲ್ಲ, ಜೈಲಲ್ಲಿ ಮಾತ್ರ ಇಲ್ಲ, ವಿಚಾರಣೆ ಕೋಣೇಲಿ ಮಾತ್ರ ಇಲ್ಲ ಅಂತ ಶುರು ಮಾಡಿ, ಆ 'ಮಾತ್ರ ಇಲ್ಲ, ಮಾತ್ರ ಇಲ್ಲ' ಅಂತ ಹೇಳ್ತಾ ಹೇಳ್ತಾ ಮೆಲ್ಲಗೆ ಮನೆಯೊಳಗೆ ಬರುತ್ತೆ. ಶಿಶುವಿಹಾರದಲ್ಲಿದೆ ಅನ್ನುತ್ತೆ, ಅಪ್ಪ ಹೇಳೋ ಬುದ್ಧಿಮಾತಲ್ಲಿ, ಅಮ್ಮನ ನಗುವಲ್ಲಿ, ಗುರುತಿಲ್ಲದೋರು ಏನಾದ್ರೂ ಕೇಳಿದ್ರೆ ಮಗು ಕೊಡೋ ಉತ್ತರದಲ್ಲಿ, ಬೀದೀಲಿ ಸಿಕ್ಕೋರ ಕ್ಷೇಮ ಸಮಾಚಾರದಲ್ಲಿ, ಕೈ ಕುಲುಕೋವಾಗ ಇದ್ದಕ್ಕಿದ್ದ ಹಾಗೆ ಸಡಿಲ ಆಗೋ ಕೈಯಲ್ಲಿ, ಯಾವಾಗ ಬರ್ತೀಯ ಅಂತ ಹೆಂಡತಿ ಕೇಳೋ ಮಾತಲ್ಲಿ, ಹಾಸಿಗೇಲಿ, ಕನಸಲ್ಲಿ, ಊಟದ ತಟ್ಟೇಲಿ. ನಕ್ಷತ್ರ ಕೂಡ ಜೈಲು ಬಾಗಿಲಿನ ಕಿಂಡಿ ಥರ ಇಣುಕುತ್ತೆ. ಇದನ್ನ ಮೊದಲನೇ ಸಲ ಓದಿದಾಗ ನಂಗೆ ಮೈ ಜುಮ್ ಅಂದಿದ್ದು ಆ ಕೈಕುಲುಕೋ ಜಾಗದಲ್ಲಿ. ಪೊಲೀಸು ಜೈಲು ಅಂತ ಬರೆಯೋ ಪ್ರತಿಭಟನೆಯ ಕವಿತೆಗಳು ಬೇಕಾದಷ್ಟಿವೆ, ನಮ್ ಕೈಬೆರಳಿನ ತನಕ ಬಂದು ಹೇಳೋದು ಬಹಳ ಕಮ್ಮಿ.

ಪಾರ್ಕಿನ ಇನ್ನೊಂದು ಬದಿ ಒಂದು ಕಟ್ಟೆ ಮೇಲೆ ಬರೀ ಬೂಟು ಇದೆ, ಸ್ಟಾಲಿನ್‌ದು. ಮೂಲ ಪ್ರತಿಮೆ 8 ಮೀಟರ್ ಎತ್ತರದ ಕಂಚು, 1951ರ ಡಿಸೆಂಬರಲ್ಲಿ ಊರ ಮಧ್ಯೆ ನಿಲ್ಸಿದ್ದು, 1956ರ ಅಕ್ಟೋಬರ್ 23ರ ರಾತ್ರಿ ಜನ ಅದನ್ನ ಕೆಡವಿದಾಗ ಬೂಟು ಮಾತ್ರ ಕಟ್ಟೆ ಮೇಲೆ ಉಳೀತು. ಇಲ್ಲಿರೋದು 2006ರಲ್ಲಿ ಮಾಡಿಟ್ಟ ಪ್ರತಿ. ಪ್ರತಿಮೆ ನಿಲ್ಲೋಕೆ ಮುಂಚೇನೇ ಕವಿತೆ ಬರೆದಾಗಿತ್ತು, ಪ್ರತಿಮೆ ಬಿದ್ದ ಹತ್ತು ದಿನಕ್ಕೆ ಅದು ಅಚ್ಚಾಯ್ತು.

ಮಧ್ಯಾಹ್ನ ಊಟಕ್ಕೆ ಫೋಜ಼ೆಲೆಕ್ ಸಿಕ್ತು, ತರಕಾರಿ ಬೇಯಿಸಿ ಗಟ್ಟಿ ಮಾಡಿದ್ದು, ನಮ್ ಕೂಟು ಹತ್ರ ಹತ್ರ ಬರುತ್ತೆ, ಸಸ್ಯಾಹಾರಿಗಳು ಅಲ್ಲಿಗೆ ಹೋದ್ರೆ ಆ ಹೆಸರು ನೆನಪಿಟ್ಕೊಳ್ಳಿ.

ಸಂಜೆ ರಿಹರ್ಸಲಲ್ಲಿ ಒಂದು ವಿಷಯಕ್ಕೆ ನನ್ ಮನಸ್ಸು ಕದಡಿಹೋಯ್ತು. ಈ ಕೃತಿ ಉದ್ದಕ್ಕೂ ಒಂದು ಸ್ವರ ಕೆಳಗಡೆ ಹಿಡಿದಿರುತ್ತೆ, ಬಾಯಿ ಮುಚ್ಕೊಂಡು ಮ್ ಅಂತ. ಮೊದಲು ಗಂಡಸರಲ್ಲಿ ಕೆಳಗಿನ ದನಿಯ ಬೇಸ್‌ನವರು ಹಿಡೀತಾರೆ, ಅವರಿಗೆ ಸಾಲು ಬಂದಾಗ ಟೆನರ್‌ಗೆ ಕೊಡ್ತಾರೆ, ಆಮೇಲೆ ನಮಗೆ, ಆಮೇಲೆ ಹೆಂಗಸರಲ್ಲಿ ಮೇಲಿನ ದನಿಯ ಸೊಪ್ರಾನೊಗೆ, ಹೀಗೆ ಅದು ಸುತ್ತುತ್ತಾನೇ ಇರುತ್ತೆ. ಮೂರು ತಿಂಗಳಿಂದ ನಾನದನ್ನ ನಮ್ ಆಧಾರಶ್ರುತಿ ಥರ ಅಂದ್ಕೊಂಡು ಖುಷಿಪಟ್ಟಿದ್ದೆ. ಏಳನೇ ವಯಸ್ಸಿಂದ ಶ್ರುತಿಪೆಟ್ಟಿಗೆ ಮುಂದೆ ಕೂತು ಸರಳೆ ವರಸೆ ಹಾಡಿದೋಳು ನಾನು, ಶ್ರುತಿ ಮಾತಾ ಲಯ ಪಿತಾ ಅಂತ ಹೇಳಿಕೊಟ್ಟಿದ್ರು, ಶ್ರುತಿ ಇದ್ರೆ ಅಮ್ಮನ ಮಡಿಲಲ್ಲಿ ಇದ್ದ ಹಾಗೆ. ಬ್ರೇಕಲ್ಲಿ ಸಂಯೋಜಕಿಗೆ ಇದನ್ನ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ಆ ಸ್ವರಾನೇ ದಬ್ಬಾಳಿಕೆ ಅಂದ್ಲು. ಶುರುವಾದ ಒಂದು ನಿಮಿಷಕ್ಕೆ ಕೇಳೋರ ಕಿವಿಗೆ ಅದು ಇದೆ ಅನ್ನೋದೇ ಮರೆತುಹೋಗುತ್ತೆ, ಮೇಲಿನ ಪ್ರತಿ ಸ್ವರಾನೂ ಅದರ ಜೊತೆ ಹೊಂದ್ಕೊಂಡೇ ಹೋಗ್ಬೇಕಾಗುತ್ತೆ, ಮತ್ತೆ ಅದನ್ನ ಹಿಡಿಯೋ ಪಾಳಿಯಿಂದ ಯಾರಿಗೂ ವಿನಾಯಿತಿ ಇಲ್ಲ, ಅದಕ್ಕೇ ಹಾಗೆ ಬರೆದಿದ್ದು ಅಂತ. ನಂಗೆ ತಕ್ಷಣ ಏನೂ ಹೇಳೋಕಾಗ್ಲಿಲ್ಲ. ರಾತ್ರಿ ರೂಮಲ್ಲಿ ನಿದ್ದೆ ಬರ್ಲಿಲ್ಲ, ಅಮ್ಮ ಅಂದ್ಕೊಂಡಿದ್ದ ಸ್ವರಾನ ಹಾಗೆ ಕೇಳೋಕೆ ಕಿವಿ ಒಪ್ತಿರ್ಲಿಲ್ಲ.

ಮೂರನೇ ದಿನ, ನವೆಂಬರ್ 1

ಎದ್ದು ಫೋನ್ ನೋಡಿದ್ರೆ ಹಳದಿ ಕೆಂಪು ಬಾವುಟ ತುಂಬಿಹೋಗಿತ್ತು, ರಾಜ್ಯೋತ್ಸವದ ಶುಭಾಶಯಗಳು. ಆಗ ಹೊಳೀತು. 1956ರ ನವೆಂಬರ್ 1. ಹಲವು ಕಡೆ ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಒಂದಾದ ದಿನ. ಅದೇ ದಿನ ಬುಡಾಪೆಸ್ಟಲ್ಲಿ ಇಮ್ರೆ ನಾಜ್ ಸರ್ಕಾರ ಸೋವಿಯತ್ ಬಣದ ಸೈನಿಕ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಗೆ ಬರ್ತೀವಿ, ಹಂಗೇರಿ ಇನ್ಮುಂದೆ ತಟಸ್ಥ ದೇಶ ಅಂತ ಘೋಷಿಸ್ತು. ಮಾರನೇ ದಿನ ಕವಿತೆ ಅಚ್ಚಾಯ್ತು. ಅಮ್ಮನ ತಂದೆ ಧಾರವಾಡದವರು, ಅವತ್ತು ಬೀದಿ ಬೀದೀಲಿ ಸಕ್ಕರೆ ಹಂಚಿದ್ದನ್ನ ಎಷ್ಟು ಸಲ ಹೇಳಿದ್ರೋ ಲೆಕ್ಕ ಇಲ್ಲ. ಅದೇ ಹೊತ್ತಿಗೆ ಇಲ್ಲಿ ಜನ ರೇಡಿಯೋ ಮುಂದೆ ಕೂತಿದ್ರು, ಅವರಿಗೂ ಗೆದ್ವಿ ಅನ್ನೋ ನಂಬಿಕೆ ಇತ್ತು. ಇಮ್ರೆ ನಾಜ್‌ರನ್ನ 1958ರ ಜೂನ್ 16ಕ್ಕೆ ಗಲ್ಲಿಗೆ ಹಾಕಿದ್ರು. ಎಡಗಡೆ ಕೂರೋ ನನ್ನ ಹಂಗೇರಿ ಗೆಳತಿಗೆ ಈ ತಾರೀಖಿನ ವಿಷಯ ಹೇಳಿದಾಗ ಅವಳು ಕೈ ಗಟ್ಟಿಯಾಗಿ ಹಿಡ್ಕೊಂಡ್ಲು, ಏನೂ ಅನ್ಲಿಲ್ಲ.

ಬೆಳಗ್ಗೆ ದಾನ್ಯೂಬ್ ದಂಡೆಯ ಬೆಮ್ ಚೌಕ, ಅಕ್ಟೋಬರ್ 23ರ ಮೆರವಣಿಗೆ ಬಂದು ಸೇರಿದ ಜಾಗ. ಅಲ್ಲೇ ಜನ ಬಾವುಟದ ಮಧ್ಯದಿಂದ ಸರ್ಕಾರದ ಲಾಂಛನ ಕತ್ತರಿಸಿ ತೆಗೆದಿದ್ದು, ನಡುವೆ ತೂತಿರೋ ಬಾವುಟ ಆಮೇಲೆ ಆ ದಂಗೆಯ ಗುರುತೇ ಆಯ್ತು. ಅವತ್ತು ಮಧ್ಯಾಹ್ನ ನದಿಯ ಆ ಕಡೆ ಕವಿ ಪೆತೋಫಿಯ ಪ್ರತಿಮೆ ಹತ್ರ ವಿದ್ಯಾರ್ಥಿಗಳಿಗೆ ಓದಿ ಹೇಳಿದ್ದೂ ಕವಿತೇನೇ, 1848ರ ಮಾರ್ಚ್ 15ಕ್ಕೆ ಸೆನ್ಸಾರ್ ಅನುಮತಿ ಕೇಳ್ದೇ ಪ್ರೆಸ್ಸಿಗೆ ನುಗ್ಗಿ ಅಚ್ಚು ಹಾಕಿಸಿದ್ದ ಪೆತೋಫಿಯ 'ನಾಡಿನ ಹಾಡು'. ಈ ದೇಶದಲ್ಲಿ ಚರಿತ್ರೆ ತಿರುಗೋ ದಿನಗಳಲ್ಲಿ ಯಾರೋ ಒಬ್ರು ಕವಿತೆ ಓದ್ತಿರ್ತಾರೆ. ಪಾರ್ಲಿಮೆಂಟಿನ ಎದುರು ಕೃಷಿ ಇಲಾಖೆ ಕಟ್ಟಡದ ಗೋಡೆಯಲ್ಲಿ ಲೋಹದ ಗುಂಡುಗಳನ್ನ ಕೂರ್ಸಿದ್ದಾರೆ, ಅಕ್ಟೋಬರ್ 25ಕ್ಕೆ ಆ ಚೌಕದಲ್ಲಿ ಜನರ ಮೇಲೆ ಗುಂಡು ಹಾರಿಸಿದ್ದರ ನೆನಪಿಗೆ.

ನವೆಂಬರ್ 1 ಅಲ್ಲಿ ಸರ್ವ ಸಂತರ ದಿನ, ರಜೆ, ಎಲ್ರೂ ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ಹೂವಿಟ್ಟು ದೀಪ ಹಚ್ತಾರೆ, ನಮ್ ಮಹಾಲಯ ಅಮಾವಾಸ್ಯೆ ನೆನಪಾಯ್ತು. ಮಧ್ಯಾಹ್ನ 59ನೇ ನಂಬರ್ ಟ್ರಾಮ್ ಹತ್ತಿ ಫಾರ್ಕಾಶ್‌ರೇತ್ ಸ್ಮಶಾನಕ್ಕೆ ಹೊರಟ್ವಿ, ಇಯ್ಯೇಶರ ಸಮಾಧಿ ಇರೋದು ಅಲ್ಲೇ. ಟ್ರಾಮಿನ ತುಂಬ ಸೇವಂತಿಗೆ. ಹಳದಿ, ಬಿಳಿ, ನೇರಳೆ, ಕುಂಡ ಕುಂಡವೇ ತೊಡೆ ಮೇಲಿಟ್ಕೊಂಡು ಕೂತಿದ್ರು ಜನ, ಆ ಕಹಿ ಘಮ ಮೂಗಿಗೆ ಬಿದ್ದಿದ್ದೇ ತಡ ಗಾಂಧಿಬಜಾರ್ ಕಣ್ಮುಂದೆ ಬಂತು. ನಾನು ಸ್ಟಾಪ್ ಹತ್ರ ಒಂದು ಸಣ್ಣ ಗೊಂಚಲು ಕೊಂಡು, ನಾಳೆ ಕನ್ಸರ್ಟಿಗೆ ಮುಡ್ಕೋತೀನಿ ಅಂತ ಗೆಳತಿಗೆ ಹೇಳಿದೆ. ಅವಳು ಮೆಲ್ಲಗೆ, ಇಲ್ಲಿ ಈ ಹೂವು ಸತ್ತವರಿಗೆ ಮಾತ್ರ ಅಂದ್ಲು. ಸರಿ, ಹಾಗಿದ್ರೆ ಅವರಿಗೇ ಕೊಡೋಣ ಅಂತ ತಗೊಂಡು ಹೋದೆ.

ಗುಡ್ಡದ ಇಳಿಜಾರಲ್ಲಿದೆ ಆ ಸ್ಮಶಾನ. ಸಂಗೀತ ಸಂಯೋಜಕ ಬಾರ್ತೋಕ್ ಅಲ್ಲೇ ಇದ್ದಾರೆ, 1945ರಲ್ಲಿ ನ್ಯೂಯಾರ್ಕಲ್ಲಿ ತೀರ್ಕೊಂಡಿದ್ದು, 1988ರಲ್ಲಿ ತಂದು ಇಲ್ಲಿ ಮಣ್ಣು ಮಾಡಿದ್ರು. ಇನ್ನೊಬ್ಬ ಸಂಯೋಜಕ ಕೋದಾಯ್ ಕೂಡ ಅಲ್ಲೇ. ಸ್ಮಶಾನದ ಶವಾಗಾರದ ಒಳಗಡೆ ಇಮ್ರೆ ಮಾಕೊವೆಟ್ಸ್ ಅನ್ನೋ ವಾಸ್ತುಶಿಲ್ಪಿ 1975ರಲ್ಲಿ ಮಾಡಿದ ಮರದ ಕೆಲಸ ಇದೆ, ಮನುಷ್ಯನ ಎದೆಗೂಡನ್ನ ಒಳಗಿಂದ ನೋಡಿದ ಹಾಗೆ, ಬೆನ್ನುಮೂಳೆಯಿಂದ ಪಕ್ಕೆಲುಬುಗಳು ಬಾಗಿ ಇಳಿದಿವೆ, ಶವಪೆಟ್ಟಿಗೆ ಇಡೋದು ಹೃದಯ ಇರೋ ಜಾಗದಲ್ಲಿ. ಮೂರು ತಿಂಗಳಿಂದ ಉಸಿರು ಬಿಟ್ರೆ ಬೇರೆ ಯೋಚನೆ ಇಲ್ಲದ ನಮಗೆ ಅದರ ವಿಷಯ ಹೇಳ್ತಿದ್ದ ಹಾಗೇ ಎಲ್ರ ಕೈಯೂ ತಂತಮ್ಮ ಪಕ್ಕೆಲುಬಿನ ಮೇಲೆ ಹೋಯ್ತು.

ನಾಲ್ಕೂವರೆಗೆಲ್ಲ ಕತ್ತಲೆ. ಗುಡ್ಡದ ತುಂಬ ದೀಪ. ಇಯ್ಯೇಶರ ಸಮಾಧಿ ಮುಂದೆ ಸೇವಂತಿಗೆ ಇಟ್ಟು ನಿಂತಾಗ ಕವಿತೆಯ ಕೊನೆ ತಲೇಲಿ ಓಡ್ತು. ಅಲ್ಲಿ ಅವರು ಹೇಳೋದು, ನಿನ್ ಸಮಾಧಿ ಹತ್ರ ನಿನಗಿಂತ ಮುಂಚೆ ಬಂದು ದಬ್ಬಾಳಿಕೆ ನಿಂತಿರುತ್ತೆ, ನೀನು ಯಾರಾಗಿದ್ದೆ ಅಂತ ಹೇಳೋದು ಅದೇ, ನಿನ್ನ ಬೂದಿಮಣ್ಣು ಕೂಡ ಅದರ ಸೇವೆ ಮಾಡುತ್ತೆ ಅಂತ. ಪೂರ್ಣವಿರಾಮ ಬರೋದು ಆ ಮಣ್ಣಾದ ಮೇಲೆ. ಬದುಕಿದ್ದಾಗ ತನ್ನ ಸಮಾಧಿ ಬಗ್ಗೇನೇ ಹಾಗೆ ಬರೆದಿದ್ದ ಮನುಷ್ಯನ ಸಮಾಧಿ ಮುಂದೆ ಅವತ್ತು ನಾವು 20 ಜನ ಇದ್ವಿ, ಒಂದು ಚಿಕ್ಕ ಹುಡುಗ ಬೆಂಕಿಕಡ್ಡಿ ಗೀರಿ ಗೀರಿ ಗಾಳಿಗೆ ಆರ್ತಿದ್ದ ದೀಪಾನ ಮತ್ತೆ ಮತ್ತೆ ಹಚ್ತಿದ್ದ.

ನಾಲ್ಕನೇ ದಿನ, ನವೆಂಬರ್ 2

ಬೆಳಗ್ಗೆ ಕೊನೇ ರಿಹರ್ಸಲ್. ಹತ್ತು ನಿಮಿಷ ಆಗೋಷ್ಟ್ರಲ್ಲಿ ಇಡೀ ಕಾಯರ್ ಅರ್ಧ ಸ್ವರ ಕೆಳಗೆ ಇಳಿದುಬಿಟ್ಟಿತ್ತು, ವಾದ್ಯ ಇಲ್ದೇ ಹಾಡೋವಾಗ ಇದು ದೊಡ್ಡ ಕಾಟ. ಕೈ ಆಡಿಸಿ ಹಾಡಿಸೋ ಹಂಗೇರಿ ಕಡೆಯ ಕಂಡಕ್ಟರ್ ಏನೂ ಬೈಲಿಲ್ಲ, ಕೈ ಎತ್ತಿ ಮುದ್ರೆ ತೋರಿಸೋಕೆ ಶುರು ಮಾಡಿದ್ರು, ದೊ ಅಂದ್ರೆ ಮುಷ್ಟಿ, ಮಿ ಅಂದ್ರೆ ಅಡ್ಡ ಅಂಗೈ, ಹೀಗೆ. ಕೋದಾಯ್ ಪದ್ಧತಿ ಅಂತ ಪ್ರಪಂಚಕ್ಕೆಲ್ಲ ಗೊತ್ತಿರೋದು ಇದು, ಮುದ್ರೆಗಳು ಇಂಗ್ಲೆಂಡಿಂದ ಬಂದಿದ್ದು, ಆದ್ರೆ ಹಂಗೇರಿ ಮಕ್ಕಳ ಕೈಗೆ ಅಭ್ಯಾಸ ಆಗಿರೋದು ಕೋದಾಯ್ ಅವರಿಂದ. ಅಲ್ಲಿ ದೊ ಅನ್ನೋದು ಗೊತ್ತಾದ ಒಂದೇ ಜಾಗದಲ್ಲಿ ಇರಲ್ಲ, ಎಲ್ಲಿಟ್ಕೊಂಡ್ರೆ ಅಲ್ಲಿ, ನಮ್ ಷಡ್ಜದ ಥರಾನೇ. ನಂಗೆ ಅದು ಕ್ಷಣದಲ್ಲಿ ಹತ್ತಿತು.

ಬ್ರೇಕಲ್ಲಿ ಕೋದಾಯ್ ಬಗ್ಗೆ ಮಾತು ಬಂತು. ಅವರು 17ನೇ ಶತಮಾನದ ಕವಿ, ಸೇನಾನಿ ಮಿಕ್ಲೋಶ್ ಜ಼್ರೀನಿ ಬರೆದಿದ್ದ ಒಂದು ಹಳೇ ಗದ್ಯ ತಗೊಂಡು, ಹಂಗೇರಿಯವರ ತಂಟೆಗೆ ಬರಬೇಡ ಅನ್ನೋ ಅದರ ಕೂಗನ್ನ ಕಾಯರ್‌ಗೆ ಕೂರ್ಸಿದ್ರು. ಮೂಲದಲ್ಲಿ ಅದು ತುರ್ಕರ ವಿರುದ್ಧ ಬರೆದದ್ದು, 1955ರಲ್ಲಿ ಹಾಡಿದಾಗ ಕೇಳಿದೋರಿಗೆ ಯಾರ ಬಗ್ಗೆ ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ಇನ್ನೊಂದು ಕಡೆ ಫ್ರಾನ್ಸಲ್ಲಿ ಕವಿ ಎಲ್ಯುಆರ್, ಇಯ್ಯೇಶ್ 1920ರ ದಶಕದಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಗುರುತಾದವರು, ಜರ್ಮನರು ಫ್ರಾನ್ಸನ್ನ ಆಕ್ರಮಿಸಿದ್ದಾಗ 1942ರಲ್ಲಿ ಸ್ವಾತಂತ್ರ್ಯದ ಬಗ್ಗೆ ಇದೇ ಥರ ಪಟ್ಟಿ ಹಾಕ್ತಾ ಹೋಗೋ ಕವಿತೆ ಪ್ರಕಟಿಸಿದ್ರು, 1943ರಲ್ಲಿ ಸಂಯೋಜಕ ಪುಲಾಂಕ್ ಅದನ್ನ ಎರಡು ಕಾಯರ್‌ಗೆ ಸಂಯೋಜಿಸಿದ್ರು. ನಮ್ ಸಂಯೋಜಕಿ ಹೇಳಿದ್ದು ಚೆನ್ನಾಗಿತ್ತು, ಎಲ್ಯುಆರ್ ನಿನ್ನ ಹೆಸರು ಬರೀತೀನಿ ನಿನ್ನ ಹೆಸರು ಬರೀತೀನಿ ಅಂತ ಕೊನೇ ಪದದ ತನಕ ಹೆಸರು ಹೇಳಲ್ಲ, ಇಯ್ಯೇಶ್ ಮೊದಲನೇ ಸಾಲಲ್ಲೇ ಹೆಸರು ಹೇಳ್ಬಿಡ್ತಾರೆ, ಆಮೇಲೆ ತಪ್ಪಿಸ್ಕೊಳ್ಳೋಕೆ ದಾರಿ ಕೊಡಲ್ಲ.

ಇನ್ನೊಂದು ವಿಷಯ ಗೆಳತಿ ಹೇಳಿಕೊಟ್ಟಿದ್ದು. ಕೊನೆ ಹತ್ತಿರ ಒಂದು ಸಾಲಿದೆ, ಮಿಂದೆಂಕಿ ಸೆಮ್ ಅ ಲಾನ್ತ್ಸ್‌ಬನ್, ಅಂದ್ರೆ ದಬ್ಬಾಳಿಕೆ ಇರೋ ಕಡೆ ಪ್ರತಿಯೊಬ್ರೂ ಸರಪಳಿಯ ಒಂದೊಂದು ಕೊಂಡಿ. ಸೆಮ್ ಅಂದ್ರೆ ಕೊಂಡಿ, ಅದೇ ಪದಕ್ಕೆ ಕಣ್ಣು ಅಂತಾನೂ ಅರ್ಥ. ಹಂಗೇರಿಯವರ ಕಿವಿಗೆ ಎರಡೂ ಒಟ್ಟಿಗೆ ಬೀಳುತ್ತೆ, ಕಟ್ಟಿಹಾಕೋ ಸರಪಳಿ, ನೋಡ್ತಾ ಇರೋ ಕಣ್ಣುಗಳು. ಜರ್ಮನ್ನಲ್ಲಿ ಇದನ್ನ ಹೇಳೋಕಾಗಲ್ಲ ಅಂತ ಎಲ್ರೂ ಬೇಜಾರು ಮಾಡ್ಕೊಂಡ್ರು. ನಾನು ಸುಮ್ನೆ ಕೂತಿದ್ದೆ, ನನ್ ತಲೇಲಿ ಕಣ್ಣು, ಕಣ್ಣಿ, ಕಣ್ಣು, ಕಣ್ಣಿ ಅಂತ ಓಡ್ತಿತ್ತು. ನಮ್ಮಜ್ಜಿ ಮನೆ ಕೊಟ್ಟಿಗೇಲಿ ಕರುವಿನ ಕೊರಳಿಗೆ ಹಾಕ್ತಿದ್ರಲ್ಲ, ಕಣ್ಣಿ. ಸ್ಕೋರಲ್ಲಿ ಆ ಸಾಲಿನ ಮೇಲೆ ಪೆನ್ಸಿಲಲ್ಲಿ ಕನ್ನಡದಲ್ಲಿ ಬರ್ಕೊಂಡೆ.

ಕನ್ಸರ್ಟ್ ಇದ್ದಿದ್ದು ಒಂದು ಸಣ್ಣ ಚರ್ಚಲ್ಲಿ, ಬಿಳಿ ಗೋಡೆ, ಚಿತ್ರ ಗಿತ್ರ ಏನಿಲ್ಲ, ಮರದ ಬೆಂಚು, ಸುಮಾರು ಇನ್ನೂರು ಜನ. ಸಂಜೆ 6ಕ್ಕೆ ಶುರು. ಬೇಸ್‌ನವರು ಮ್ ಹಿಡಿದ್ರು. ನಿಜ, ಒಂದು ನಿಮಿಷಕ್ಕೆ ಅದು ಕಿವಿಯಿಂದ ಮಾಯ ಆಯ್ತು. ಮೇಲೆ ಸೊಪ್ರಾನೊ ಒಂದೊಂದೇ ಪದ ಬಿಡಿಸಿ ಹಾಡ್ತಿದ್ರೆ, ಮುಂದಿನ ಸಾಲಲ್ಲಿ ಕೂತಿದ್ದ ವಯಸ್ಸಾದೋರು ಕೆಲವರ ತುಟಿ ನಮ್ ಜೊತೇನೇ ಆಡ್ತಿತ್ತು, ಅವರಿಗೆ ಕವಿತೆ ಬಾಯಿಗೆ ಬರುತ್ತೆ. ಶಿಶುವಿಹಾರ ಬರೋ ಕಡೆ ಸಂಗೀತ ಪುಟ್ಟ ಮಕ್ಕಳ ಪದ್ಯದ ಥರ ಆಗುತ್ತೆ, ಫೋನು ಬರೋ ಕಡೆ ಗಂಡಸರೆಲ್ಲ ಹಾಡೋದು ಬಿಟ್ಟು ಬರೀ ಉಸಿರಿನ ಸದ್ದು ಮಾಡ್ತಾರೆ, ಯಾರೋ ಮೂರನೆಯವರು ಕೇಳಿಸ್ಕೋತಿರೋ ಹಾಗೆ. ಅಲ್ಲಿ ಒಬ್ರು ಕೆಮ್ಮಿದ್ರು, ಅದು ಕೂಡ ಹೆದರಿಕೆ ಆಗೋಷ್ಟು ದೊಡ್ಡದಾಗಿ ಕೇಳ್ಸಿತು.

ಹದಿನೆಂಟನೇ ನಿಮಿಷದ ಹತ್ರ ಮ್ ನಮ್ ಪಾಲಿಗೆ ಬಂತು. ಎರಡು ದಿನದಿಂದ ಅದನ್ನ ಹಿಡಿಯೋಕೆ ಮನಸ್ಸು ಹಿಂಜರಿಯುತ್ತೆ ಅಂದ್ಕೊಂಡಿದ್ದೆ, ಆದ್ರೆ ದೇಹಕ್ಕೆ ಅದು ಗೊತ್ತು, ಏಳನೇ ವಯಸ್ಸಿಂದ ಗೊತ್ತು, ಹಿಡಿದ ತಕ್ಷಣ ಬೆನ್ನು ನೆಟ್ಟಗಾಯ್ತು, ಹಿತ ಅನ್ಸಿತು, ಎಡಗಡೆ ಗೆಳತಿ ಉಸಿರು ತಗೊಂಡಾಗ ನಾನು ತಡೆದೆ, ನಾನು ತಗೊಂಡಾಗ ನರ್ಸು ತಡೆದ್ಲು, ಒಂದು ಚೂರೂ ಎಲ್ಲೂ ಕಡಿಯಲಿಲ್ಲ, ಇಷ್ಟು ಚೆನ್ನಾಗಿ ನಾವು ಯಾವತ್ತೂ ಮಾಡಿರ್ಲಿಲ್ಲ, ಅದೇ ಹೊತ್ತಿಗೆ ಮೇಲೆ ಟೆನರ್‌ಗಳು ಮಿಂದೆಂಕಿ ಸೆಮ್ ಅ ಲಾನ್ತ್ಸ್‌ಬನ್ ಅಂತ ಹಾಡಿದ್ರು. ಪ್ರತಿಯೊಬ್ರೂ ಕೊಂಡಿ. ನಾವು ಮೂರು ಜನ ಹೆಂಗಸರು ಎಷ್ಟು ಪ್ರೀತಿಯಿಂದ, ಎಷ್ಟು ಕಾಳಜಿಯಿಂದ, ಒಬ್ರಿಗೊಬ್ರು ಉಸಿರು ಕೊಟ್ಕೊಂಡು ಅದನ್ನ ನಡೆಸ್ತಿದ್ವಿ. ನಂಗೆ ಕಣ್ಣು ತುಂಬಿ ಸ್ಕೋರ್ ಮಂಜಾಯ್ತು, ಕಂಡಕ್ಟರ್ ಕೈ ನೋಡ್ಕೊಂಡು ಮುಂದುವರಿಸಿದೆ.

ಕೊನೆ ಹೀಗಿದೆ. ಸೋಲ್‌ಗಾಲ್, ಸೇವೆ ಮಾಡುತ್ತೆ, ಅನ್ನೋ ಪದ ಮುಗಿದ ಮೇಲೆ 66 ಜನಾನೂ ಆ ಒಂದೇ ಸ್ವರಕ್ಕೆ ಬರ್ತೀವಿ. ಕಂಡಕ್ಟರ್ ಕೈ ಇಳಿಸಿಬಿಡ್ತಾರೆ, ಇನ್ನು ಯಾರೂ ನಿಲ್ಲಿಸು ಅಂತ ಹೇಳೋರಿಲ್ಲ. ಎಲ್ರೂ ತಂತಮ್ಮಲ್ಲಿ ಉಳಿದಿರೋ ಉಸಿರು ಮುಗಿಯೋ ತನಕ ಹಿಡೀಬೇಕು, ಮತ್ತೆ ತಗೋಬಾರ್ದು. ಸ್ಕೋರಲ್ಲಿ ಅಷ್ಟೇ ಬರೆದಿದೆ, ಮುಂದಿನ ಉಸಿರು ಬೇಡ ಅಂತ. ಒಬ್ಬೊಬ್ರೇ ಬಿಟ್ರು. ಮೊದಲು ಸೊಪ್ರಾನೊದಲ್ಲಿ ಒಂದಿಬ್ರು, ಆಮೇಲೆ ಬೇಸ್, ನರ್ಸು ಬಿಟ್ಲು, ನಾನು ಬಿಟ್ಟೆ. ಗೆಳತಿ ಇನ್ನೂ ಹಿಡಿದಿದ್ಲು, ಅವಳ ಭುಜ ನಡುಗ್ತಾ ಇರೋದು ನನ್ ತೋಳಿಗೆ ಗೊತ್ತಾಗ್ತಿತ್ತು. ಆಮೇಲೆ ಅವಳೂ ಬಿಟ್ಲು. ಹಿಂದಿನ ಸಾಲಲ್ಲಿ ಯಾರದ್ದೋ ಒಂದು ದನಿ ದಾರದ ಎಳೆಯಷ್ಟು ಉಳಿದಿತ್ತು, ಅದು ಯಾವಾಗ ನಿಂತಿತೋ ಗೊತ್ತಾಗ್ಲಿಲ್ಲ. ಆಗ ಕೇಳ್ಸಿತು, 25 ನಿಮಿಷದಿಂದ ಏನಿತ್ತು ಅಂತ. ಇನ್ನೂರು ಜನದಲ್ಲಿ ಯಾರೂ ಚಪ್ಪಾಳೆ ಹೊಡೀಲಿಲ್ಲ, ಬಹಳ ಹೊತ್ತು. ಆಮೇಲೆ ಬೆಂಚುಗಳು ಕಿರುಗುಟ್ಟಿದವು, ಎಲ್ರೂ ಎದ್ದು ನಿಂತಿದ್ರು.

ಐದನೇ ದಿನ, ನವೆಂಬರ್ 3

ಬೆಳಗ್ಗೆ ಕೆಲೆತಿ ಸ್ಟೇಷನ್ನಿಂದ ವಾಪಸ್. ಗೆಳತಿ ಕಳಿಸೋಕೆ ಬಂದಿದ್ಲು, ಬಿಸಿ ಬಿಸಿ ಕ್ಯುರ್ತೋಶ್‌ಕಾಲಾಚ್ ಕಾಗದದಲ್ಲಿ ಸುತ್ತಿ ತಂದಿದ್ಲು, ಇದ್ದಿಲ ಮೇಲೆ ಕೊಳವೆ ಥರ ಸುಟ್ಟ ಸಿಹಿ ರೊಟ್ಟಿ. ರಾತ್ರಿ ತಾನೆಷ್ಟು ಹೊತ್ತು ಹಿಡಿದೆ ಅಂತ ಕೇಳಿದ್ಲು. ನಂಗಿಂತ ಜಾಸ್ತಿ ಅಂದೆ. ಅಪ್ಪನಿಗೋಸ್ಕರ ಅಂದ್ಲು, ಅಷ್ಟೇ, ಅದರ ಹಿಂದಿನ ಕಥೆ ನಾನು ಕೇಳ್ಲಿಲ್ಲ.

ಟ್ರೈನಲ್ಲಿ ಎಲ್ರಿಗೂ ರಬ್ಬರ್ ಹಂಚಿದ್ರು, ವಿಯೆನ್ನಾ ಬರೋಷ್ಟ್ರಲ್ಲಿ ಸ್ಕೋರಿನ ಪೆನ್ಸಿಲ್ ಗುರುತೆಲ್ಲ ಅಳಿಸಿ ಕೊಡ್ಬೇಕು. ಬೋಗಿ ತುಂಬ ಗಸ ಗಸ ಸದ್ದು. ಡ್ಯೋರ್ ಅನ್ನೋ ಊರು ದಾಟೋ ಹೊತ್ತಿಗೆ ನಾನು ನನ್ನ ಉಸಿರಿನ ಗುರುತುಗಳನ್ನೆಲ್ಲ ಅಳಿಸಿ ಮುಗಿಸಿದ್ದೆ. ಕಣ್ಣು, ಕಣ್ಣಿ ಅಂತ ಬರೆದಿದ್ದ ಪುಟ ಬಂತು. ಅದನ್ನ ಫೋಟೋ ತಗೊಂಡೆ, ರಬ್ಬರ್ ಇಟ್ಟೆ, ಆಮೇಲೆ ರಬ್ಬರನ್ನ ಪಕ್ಕದವಳಿಗೆ ಕೊಟ್ಟು ಪುಟ ತಿರುವಿದೆ. ಈ ಸ್ಕೋರ್ ಮುಂದೆ ಯಾವ ಕಾಯರ್‌ಗೆ ಹೋಗುತ್ತೋ, ಯಾವ ಆಲ್ಟೊ ಕೈಗೆ ಸಿಗುತ್ತೋ, ಆ ಸಾಲಿನ ಮೇಲೆ ಎರಡು ಪದ ಕನ್ನಡದಲ್ಲಿ ಇದೆ.